ಮಂಡ್ಯದಿಂದ ಮೈಸೂರಿಗೆ ವಾರಕ್ಕೆರಡು ಸಲ, ವೀಲ್‌ಚೇರ್‌ನಲ್ಲಿ: ರೈಲೋ, ಬಸ್ಸೋ, ಕಾರೋ?

ಗುತ್ತಲುರಸ್ತೆ (ಪ್ರಶ್ನೆ)

ತಮ್ಮನಿಗೆ 31 ವರ್ಷ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಕೈಗಳಲ್ಲಿ ಪೂರ್ತಿ ಬಲ ಇದೆ, ಆಸರೆ ಇಲ್ಲದೆ ನೆಟ್ಟಗೆ ಕೂರ್ತಾನೆ. ತೂಕ 62 ಕೆ.ಜಿ. ಇರೋದು ಮಡಚುವ ಮಾಮೂಲಿ ವೀಲ್‌ಚೇರ್. ಮುಂದಿನ ತಿಂಗಳಿಂದ ಮೈಸೂರಿನ ಸರಸ್ವತಿಪುರಂನಲ್ಲಿ ವಾರಕ್ಕೆರಡು ದಿನ ಅಕೌಂಟಿಂಗ್ ಕೋರ್ಸು, 11ರಿಂದ 3ರವರೆಗೆ. ಮನೆ ಮಂಡ್ಯದ ಗುತ್ತಲು ರಸ್ತೆಯಲ್ಲಿ. ಜೊತೆಗೆ ಹೋಗೋಳು ನಾನೊಬ್ಬಳೇ. ಅವನನ್ನ ಎತ್ತಿ ಕೂರಿಸೋ ಶಕ್ತಿ ನನಗಿಲ್ಲ, ಪ್ರತಿ ಸಲ ಕಾರು ಮಾಡಿಸೋಷ್ಟು ದುಡ್ಡೂ ಇಲ್ಲ.

ರೈಲು ವಾಸಿಯೋ, ಬಸ್ಸು ವಾಸಿಯೋ? ಆಟೋಗೆ ಹತ್ತಿಸೋದು ಹೇಗೆ? ಪಾಸು, ರಿಯಾಯಿತಿ ಅಂತ ಏನೇನು ಸಿಗುತ್ತೆ? ಪಕ್ಕಕ್ಕೆ ಚಕ್ರ ಹಾಕಿಸಿದ ಸ್ಕೂಟರ್‌ನಲ್ಲಿ ಅವನೇ ಓಡಿಸ್ಕೊಂಡು ಹೋಗೋ ಹಂಗೆ ಆಗುತ್ತಾ? "ಹುಷಾರಾಗಿ ಹೋಗಿ ಬನ್ನಿ" ಅನ್ನೋ ಉತ್ತರ ಬೇಡ. ಅಳತೆ ಸಮೇತ ಹೇಳಿ.

ಅಳತೆಟೇಪು

ಅಕ್ಕ, 45 ಕಿಲೋಮೀಟರ್ ದಾರಿ ನಿಮ್ಮನ್ನ ಕಾಡಲ್ಲ. ಕಾಡೋದು ದಾರಿಯುದ್ದಕ್ಕೂ ಐದಾರು ಕಡೆ ಎದುರಾಗೋ ಒಂದೊಂದು ಗೇಣು. ಮನೆ ಹೊಸಿಲು, ಆಟೋ ಸೀಟು, ರೈಲಿನ ಬಾಗಿಲು, ಫುಟ್‌ಪಾತಿನ ಅಂಚು, ಕೋರ್ಸಿನ ಕಟ್ಟಡದ ಮೆಟ್ಟಿಲು. ಇವಿಷ್ಟನ್ನೂ ಒಂದು ಟೇಪು ಹಿಡಿದು ಮೊದಲೇ ಅಳೆದು ಬರೆದಿಟ್ಕೊಳ್ಳಿ, ಆಮೇಲೆ ರೈಲೋ ಬಸ್ಸೋ ಅಂತ ಯೋಚಿಸಿ.

ಕೋರ್ಸಿನವರಿಗೆ ಫೋನ್ ಮಾಡಿ "ವೀಲ್‌ಚೇರ್ ಬರುತ್ತಾ" ಅಂತ ಕೇಳ್ಬೇಡಿ. "ಬರುತ್ತೆ, ಬನ್ನಿ" ಅಂತಾರೆ, ಹೋದ್ರೆ ನಾಲ್ಕು ಮೆಟ್ಟಿಲಿರುತ್ತೆ. "ಗೇಟಿಂದ ಕ್ಲಾಸ್‌ರೂಮಿನ ತನಕ ಎಷ್ಟು ಮೆಟ್ಟಿಲು? ಬಾಗಿಲು ತೆರೆದಾಗ ಚೌಕಟ್ಟಿನ ಒಳಗೆ ಎಷ್ಟು ಇಂಚು? ಶೌಚಾಲಯದ ಬಾಗಿಲು ಎಷ್ಟು?" ಹೀಗೆ ಕೇಳಿ. 18 ಇಂಚಿನ ಸೀಟಿನ ಮಾಮೂಲಿ ಕುರ್ಚಿ ಚಕ್ರ, ಹಿಡಿ ಎಲ್ಲ ಸೇರಿ 24ರಿಂದ 26 ಇಂಚು ಅಗಲ ಇರುತ್ತೆ. ಚಕ್ರ ತಳ್ಳೋ ಕೈಗೆ ಎರಡೂ ಕಡೆ ಒಂದೊಂದು ಇಂಚಾದ್ರೂ ಜಾಗ ಬೇಕು. ಎರಡೂವರೆ ಅಡಿ ಬಾಗಿಲು ಅಂತ ಹೇಳಿದ್ರೂ ಚೌಕಟ್ಟು, ಕೀಲು, ಪೂರ್ತಿ ತೆರೆಯದ ಕದ ಕಳೆದರೆ ಉಳಿಯೋದು 27 ಇಂಚು. ಹೋಗುತ್ತೆ, ಆದ್ರೆ ಬೆರಳ ಗೆಣ್ಣು ತರಚುತ್ತೆ. ಶೌಚಾಲಯದ ಬಾಗಿಲು ಎರಡಡಿ ಇದ್ರೆ ಕುರ್ಚಿ ಒಳಗೇ ಹೋಗಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಹೊರಗೆ ಹೊರಟ ದಿನ ನೀರು ಕುಡಿಯೋದನ್ನೇ ಬಿಡ್ತಾರೆ, ಆಮೇಲೆ ಮೂತ್ರದ ಸೋಂಕು ಅಂತ ಆಸ್ಪತ್ರೆ ಸೇರ್ತಾರೆ.

ಈಗ ಆಟೋ. ನಿಮ್ಮ ಪ್ರಶ್ನೆಯ ಗಂಟು ಇರೋದು ಇಲ್ಲೇ. ಎತ್ತೋ ಮಾತೇ ಬೇಡ, ಜಾರಿಸಬೇಕು. ಅದಕ್ಕೊಂದು ಜಾರುಹಲಗೆ ಮಾಡಿಸಿ. ಬಡಗಿಗೆ ಹೀಗೆ ಹೇಳಿ: 18 ಮಿ.ಮೀ. ಪ್ಲೈವುಡ್, 30 ಇಂಚು ಉದ್ದ, 10 ಇಂಚು ಅಗಲ, ಎರಡೂ ತುದಿ ತಟ್ಟೆಯ ಅಂಚಿನ ಹಾಗೆ ಇಳಿಜಾರಾಗಿ ಹೆರೆದಿರಬೇಕು, ಮೇಲೆ ಉಜ್ಜುಕಾಗದ ಹಾಕಿ ಎರಡು ಕೋಟ್ ವಾರ್ನಿಶ್. ಮೈಕಾ ಅಂಟಿಸೋದು ಬೇಡ. ಅಂಚು ಎದ್ರೆ ಚರ್ಮ ಕುಯ್ಯುತ್ತೆ, ಅವರಿಗೆ ಅದು ಗೊತ್ತೇ ಆಗಲ್ಲ.

ಹಲಗೆಗಿಂತ ಮುಂಚೆ ಕುರ್ಚಿಯ ಕೈಯಾಸರೆ ನೋಡಿ. ಅಗ್ಗದ ಕುರ್ಚಿಗಳಲ್ಲಿ ಅದನ್ನ ಬೆಸುಗೆ ಹಾಕಿ ಕೂರಿಸಿರ್ತಾರೆ. ಅದು ಕಳಚದೇ ಇದ್ರೆ ಪಕ್ಕಕ್ಕೆ ಜಾರೋಕೆ ಆಗಲ್ಲ, ಹಲಗೆ ದಂಡ. ಕೈಯಾಸರೆ ಕಳಚುವ, ಕಾಲುಪಟ್ಟಿ ಪಕ್ಕಕ್ಕೆ ತಿರುಗುವ ಕುರ್ಚಿಯೇ ಬೇಕು. ದುಡ್ಡು ಹಾಕೋದಾದ್ರೆ ಮೊದಲು ಇದಕ್ಕೆ ಹಾಕಿ.

ಕುರ್ಚಿಯ ಸೀಟು ನೆಲದಿಂದ 20 ಇಂಚು. ಆಟೋ ಸೀಟು ಅದಕ್ಕಿಂತ ಮುಕ್ಕಾಲು ಗೇಣಾದ್ರೂ ಎತ್ತರ. ಸಮನೆಲದಲ್ಲಿ ನಿಂತು ಜಾರಿಸಿದ್ರೆ ಗುಡ್ಡ ಹತ್ತಿದ ಹಾಗಾಗುತ್ತೆ. ಅದಕ್ಕೇ ಕುರ್ಚಿ ಫುಟ್‌ಪಾತಿನ ಮೇಲಿರಲಿ, ಆಟೋ ಕೆಳಗೆ ರಸ್ತೆಯಲ್ಲಿ ಅಂಚಿಗೆ ತಾಗಿ ನಿಲ್ಲಲಿ. ಅಂಚು ಆರಿಂಚು ಎತ್ತರ ಇದ್ರೆ ಎರಡೂ ಸೀಟು ಹೆಚ್ಚುಕಮ್ಮಿ ಸಮಕ್ಕೆ ಬರುತ್ತೆ. ಮನೆ ಮುಂದೆ ಫುಟ್‌ಪಾತ್ ಇಲ್ಲ ಅಂದ್ರೆ ಜಗಲಿ ಆಗುತ್ತೆ.

ಆಟೋ ಎಂಜಿನ್ ಆಫ್, ಗೇರಲ್ಲಿ ನಿಲ್ಲಿಸಿರಬೇಕು. ಕುರ್ಚಿ ಬಾಗಿಲಿಗೆ ಸ್ವಲ್ಪ ಓರೆಯಾಗಿ ನಿಲ್ಲಲಿ. ಎರಡೂ ಬ್ರೇಕ್ ಹಾಕಿ, ಆಟೋ ಕಡೆಯ ಕೈಯಾಸರೆ ಕಳಚಿ, ಕಾಲುಪಟ್ಟಿ ತಿರುಗಿಸಿ. ಮೊದಲು ಅವರ ಪಾದಗಳನ್ನ ಆಟೋ ಒಳಗೆ ಇಡಿ. ಅವರು ಆಚೆ ಪಕ್ಕಕ್ಕೆ ವಾಲಿದಾಗ ಹಲಗೆಯ ಮೂರನೇ ಒಂದು ಭಾಗ ತೊಡೆ ಕೆಳಗೆ ಹೋಗಲಿ, ಇನ್ನೊಂದು ತುದಿ ಆಟೋ ಸೀಟಿನ ಮೇಲೆ ಕನಿಷ್ಠ ಒಂದು ಅಂಗೈ ಉದ್ದ ಕೂತಿರಬೇಕು. ಅಲ್ಲಿಂದ ಒಂದೇ ಸಲ ಹಾರೋದಲ್ಲ, ನಾಲ್ಕೈದು ಸಣ್ಣ ಒತ್ತು. ಕುಂಡಿ ಹೋಗೋ ದಿಕ್ಕಿಗೆ ತಲೆ ಹೋಗಬಾರದು. ತಲೆ ಮುಂದಕ್ಕೂ ಆಚೆಗೂ ಬಾಗಿದ್ರೆ ಕುಂಡಿ ತಾನೇ ಹಗುರಾಗಿ ಏಳುತ್ತೆ, ತಕ್ಕಡಿ ಇದ್ದ ಹಾಗೆ. ನೀವು ಮುಂದೆ ನಿಂತು ನಿಮ್ಮ ಮೊಣಕಾಲಿಂದ ಅವರ ಮೊಣಕಾಲಿಗೆ ತಡೆ ಕೊಡಿ. ಸೊಂಟಕ್ಕೆ ಸುತ್ತಿದ ಬೆಲ್ಟು ಹಿಡಿದು ನಡೆಸಿ. ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಅವರ ಭುಜವೇ ಈಗ ಅವರ ಕಾಲು, ಅದು ಹೋದ್ರೆ ಎಲ್ಲ ಹೋಯ್ತು. ಆಟೋ ಡ್ರೈವರ್‌ಗಳು ಒಳ್ಳೇ ಮನಸ್ಸಿಂದಲೇ ಓಡಿ ಬಂದು ತೋಳು ಹಿಡಿದು ಎಳೀತಾರೆ. "ಅಣ್ಣ, ಕುರ್ಚಿ ಹಿಂದೆ ಸರಿಯದ ಹಾಗೆ ಹಿಡ್ಕೊಳಿ ಸಾಕು" ಅಂತ ಮೊದಲೇ ಅವರಿಗೊಂದು ಕೆಲಸ ಕೊಟ್ಬಿಡಿ.

ನಡುವೆ ಜಾರದೆ ನಿಂತರೆ ಸಾಮಾನ್ಯವಾಗಿ ಬಟ್ಟೆ ಹಲಗೆಗೆ ಅಂಟಿರುತ್ತೆ. ಜೀನ್ಸ್ ಬೇಡ, ಟ್ರ್ಯಾಕ್ ಪ್ಯಾಂಟ್ ಜಾರುತ್ತೆ. ಮಳೇಲಿ ಹಲಗೆ ಒದ್ದೆಯಾದ್ರೆ ಒರೆಸಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಸಿ. ಇಳಿಯೋವಾಗ ಇಳಿಜಾರು, ವೇಗ ಬರುತ್ತೆ. ಆಗ ಬೆಲ್ಟು ಬಿಗಿಯಾಗಿ ಹಿಡಿಯೋದೇ ನಿಮ್ಮ ಕೆಲಸ. ಇದನ್ನೆಲ್ಲ ಫಿಸಿಯೋಥೆರಪಿಸ್ಟ್ ಎದುರಿಗೆ, ನಿಂತ ಆಟೋದಲ್ಲಿ, ಹತ್ತು ಸಲ ಮಾಡಿದ ಮೇಲೇ ರಸ್ತೆಗಿಳಿಯಿರಿ.

ಕುರ್ಚಿಯ ಕುಶನ್ ಮೊದಲು ತೆಗೆದು ಆಟೋ ಸೀಟಿಗೆ ಹಾಕಿ, ಅವರು ಅದರ ಮೇಲೇ ಕೂರಲಿ. ಸ್ಪರ್ಶ ಇಲ್ಲದ ಕಡೆ ಹಂಪ್ ಮೇಲಿನ ಒಂದೊಂದು ಏಟೂ ಗಾಯಕ್ಕೆ ಬೀಜ. 15–20 ನಿಮಿಷಕ್ಕೊಮ್ಮೆ ಎದೆ ತೊಡೆಗೆ ತಾಗೋ ಹಾಗೆ ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಇರಲಿ. ಕಾಲಿಗೆ ಶೂ ಇರಲೇಬೇಕು, ಬಿಸಿ ತಗಡು ಸುಟ್ರೂ ಗೊತ್ತಾಗಲ್ಲ. ಕುರ್ಚಿ ಮಡಚಿದ್ರೆ ಒಂದಡಿ ದಪ್ಪ, ಕಾಲಿಡೋ ಜಾಗದಲ್ಲಿ ನಿಲ್ಲಿಸಿ ಸರಳಿಗೆ ಹಗ್ಗದಿಂದ ಕಟ್ಟಿ. ಕಳಚಿದ ಕೈಯಾಸರೆ, ಕಾಲುಪಟ್ಟಿ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಚೀಲ ಕೊರಳಿಗೆ ನೇತುಹಾಕ್ಕೊಳಿ. ಆಟೋದಲ್ಲಿ ಮರೆತುಹೋಗೋದು ಯಾವಾಗಲೂ ಅದೇ.

ಪ್ಲಾಟ್‌ಫಾರಂ1

ರೈಲಿನ ಬಗ್ಗೆ. ಮೈಸೂರು ಮತ್ತು ಮಂಡ್ಯ ನಿಲ್ದಾಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಹೆಚ್ಚಿನ ರೈಲುಗಳಿಗೆ ಮೈಸೂರೇ ಕೊನೆ, ಅಲ್ಲಿಂದಲೇ ಮೊದಲು. ಇಳಿಯಲು ಯಾರೂ ಅವಸರ ಮಾಡುವುದಿಲ್ಲ, ಹೊರಡುವ ಮೊದಲೇ ರೈಲು ಬಂದು ನಿಂತಿದ್ದರೆ ನಿಧಾನವಾಗಿ ಹತ್ತಬಹುದು. ಮಂಡ್ಯದಲ್ಲಿ ನಿಲುಗಡೆ ಒಂದೆರಡು ನಿಮಿಷ. ನಿಮ್ಮ ಕಷ್ಟವೆಲ್ಲ ಆ ಎರಡು ನಿಮಿಷದ್ದು.

ಎತ್ತರದ ಪ್ಲಾಟ್‌ಫಾರಂ ಹಳಿಯ ಮಟ್ಟದಿಂದ 76ರಿಂದ 84 ಸೆಂ.ಮೀ. ಬೋಗಿಯ ನೆಲ ಸುಮಾರು 130 ಸೆಂ.ಮೀ. ಅಂದರೆ ಎತ್ತರದ ಪ್ಲಾಟ್‌ಫಾರಂ ಇದ್ದರೂ ಬಾಗಿಲಲ್ಲಿ 46–54 ಸೆಂ.ಮೀ. ಉಳಿಯಿತು. ಇದಕ್ಕೆ ನಿಯಮದ 1:12 ಇಳಿಜಾರಿನ ರ‍್ಯಾಂಪ್ ಹಾಕಬೇಕಾದರೆ ಆರು ಮೀಟರ್ ಉದ್ದ ಬೇಕು. ಎರಡು ಮೀಟರಿನ ಮಡಚುವ ರ‍್ಯಾಂಪ್ ತಂದರೆ 1:4, ಇಬ್ಬರು ಗಟ್ಟಿಗರು ತಳ್ಳಬೇಕು. ಆದ್ದರಿಂದ ನೀವೊಬ್ಬರೇ ಇದ್ದು ಮಂಡ್ಯದಲ್ಲಿ ಕುರ್ಚಿ ಸಮೇತ ಹತ್ತಿಸುವ ಯೋಚನೆ ಬಿಡಿ.

ಆಗುವಂಥದ್ದು ಇನ್ನೊಂದಿದೆ. ಬೋಗಿಯ ನೆಲ ಪ್ಲಾಟ್‌ಫಾರಮ್ಮಿನಿಂದ 50 ಸೆಂ.ಮೀ., ಕುರ್ಚಿಯ ಸೀಟೂ 50 ಸೆಂ.ಮೀ. ಎರಡೂ ಒಂದೇ ಮಟ್ಟ. ಮೇಲಿನವರು ಹೇಳಿದ ಹಲಗೆಯನ್ನು ಸೀಟಿನಿಂದ ಬೋಗಿಯ ನೆಲಕ್ಕೆ ಹಾಕಿದರೆ ಕೈಬಲ ಇರುವವರು ಕುಶನ್ ಸಮೇತ ಒಳಕ್ಕೆ ಜಾರಬಹುದು. ನಡುವಿನ ಸಂದು ದಾಟಬೇಕಾದ್ದರಿಂದ ಇದಕ್ಕೆ 30 ಇಂಚು ಸಾಲದು, 36 ಮಾಡಿಸಿ. ಒಬ್ಬರು ಕುರ್ಚಿಯನ್ನು ಹಿಂದಿನಿಂದ ಒತ್ತಿ ಹಿಡಿದೇ ಇರಬೇಕು. ಬ್ರೇಕನ್ನೇ ನಂಬಿದರೆ, ಕೈ ಒತ್ತಿದ ರಭಸಕ್ಕೆ ಕುರ್ಚಿ ಹಿಂದೆ ಸರಿದು ಮನುಷ್ಯ ಸಂದಿಗೆ ಬೀಳುತ್ತಾನೆ. ಒಳಗೆ ಹೋದ ಮೇಲೆ ಖಾಲಿ ಕುರ್ಚಿ ಎತ್ತಿ ಒಳಗಿಡಿ, ತೂಕ 15–20 ಕೆ.ಜಿ. ನೆಲದಿಂದ ಕುರ್ಚಿಗೆ ಒಂದೇ ನೆಗೆತಕ್ಕೆ ಹೋಗುವುದು ಕಷ್ಟ, ನಡುವೆ ಒಂಬತ್ತು ಇಂಚಿನ ಗಟ್ಟಿ ಮಣೆ ಇಟ್ಟರೆ ಎರಡು ಹಂತವಾಗುತ್ತದೆ. ಇಷ್ಟಕ್ಕೆಲ್ಲ ಹತ್ತು ನಿಮಿಷ ಹಿಡಿಯುತ್ತದೆ. ಮೈಸೂರಿನಲ್ಲಿ ಸಾಧ್ಯ, ಮಂಡ್ಯದ ನಿಲುಗಡೆಯಲ್ಲಿ ಅಲ್ಲ. ಅಲ್ಲಿ ಇಬ್ಬರು ಹಮಾಲಿಗಳನ್ನು ಮೊದಲೇ ಮಾತಾಡಿಟ್ಟು ಕುರ್ಚಿ ಸಮೇತ ಎತ್ತಿಸುವುದೇ ದಾರಿ. ಹಿಡಿಯುವುದು ಎಲ್ಲಿ ಎಂದು ನೀವೇ ತೋರಿಸಿ: ಹಿಂದಿನವರು ತಳ್ಳುಹಿಡಿ, ಮುಂದಿನವರು ಚೌಕಟ್ಟಿನ ಕೊಳವೆ. ಕಳಚುವ ಕೈಯಾಸರೆ ಅಥವಾ ಕಾಲುಪಟ್ಟಿ ಹಿಡಿದು ಎತ್ತಿದರೆ ಅದು ಕೈಗೆ ಬರುತ್ತದೆ, ಮನುಷ್ಯ ನೆಲಕ್ಕೆ.

ಬೋಗಿ ಯಾವುದು ಅಂದರೆ, ಹೆಚ್ಚಿನ ಎಕ್ಸ್‌ಪ್ರೆಸ್ ರೈಲುಗಳಲ್ಲಿ ಗಾರ್ಡ್ ವ್ಯಾನಿಗೆ ಅಂಟಿಕೊಂಡಂತೆ ವಿಕಲಚೇತನರ ಕೋಣೆ ಇರುತ್ತದೆ, ಎಸ್‌ಎಲ್‌ಆರ್‌ಡಿ ಎನ್ನುತ್ತಾರೆ. ಬಾಗಿಲು ಅಗಲ, ಶೌಚಾಲಯವೂ ದೊಡ್ಡದು. ಅದು ರೈಲಿನ ತುದಿಯಲ್ಲಿರುತ್ತದೆ, ಯಾವ ತುದಿ ಎಂದು ನಿಲ್ದಾಣದಲ್ಲಿ ಮುಂಚೆಯೇ ಕೇಳಿ ಅಲ್ಲೇ ನಿಂತಿರಿ. ಎರಡು ನಿಮಿಷದಲ್ಲಿ ಇಡೀ ಪ್ಲಾಟ್‌ಫಾರಂ ಓಡಲಾಗದು. ಒಳಗೆ ಬೇರೆಯವರು ಕೂತು ಚಿಲಕ ಹಾಕಿಕೊಂಡಿರುವುದು ಮಾಮೂಲು, ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ಮೈಸೂರಿನಲ್ಲಿ ಒಂದನೇ ಪ್ಲಾಟ್‌ಫಾರಮ್ಮಿಗೆ ಬರುವ ರೈಲಾದರೆ ನೇರ ಮುಖ್ಯದ್ವಾರಕ್ಕೆ ಬಂದಹಾಗೆ, ಸೇತುವೆ ದಾಟುವ ಗೋಜಿಲ್ಲ. ರೈಲು ಆರಿಸುವಾಗ ಸಮಯದ ಜೊತೆ ಪ್ಲಾಟ್‌ಫಾರಂ ಯಾವುದೆಂದೂ ವಿಚಾರಿಸಿ.

ರಿಯಾಯಿತಿ: ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೆ ಎರಡನೇ ದರ್ಜೆ, ಸ್ಲೀಪರ್, ಎಸಿ 3 ಟಯರ್, ಎಸಿ ಚೇರ್‌ಕಾರಿನಲ್ಲಿ 75%, ಎಸಿ 2 ಟಯರ್ ಮತ್ತು ಫಸ್ಟ್ ಎಸಿಯಲ್ಲಿ 50%. ಜೊತೆಗಾರರೊಬ್ಬರಿಗೂ ಅಷ್ಟೇ. ರಾಜಧಾನಿ, ಶತಾಬ್ದಿಯ ಎಸಿ 3 ಟಯರ್ ಮತ್ತು ಚೇರ್‌ಕಾರಿನಲ್ಲಿ ಮಾತ್ರ 25%. ಇದಕ್ಕೆ ರೈಲ್ವೆಯದೇ ನಮೂನೆಯಲ್ಲಿ ಸರ್ಕಾರಿ ವೈದ್ಯರ ಪ್ರಮಾಣಪತ್ರ ಬೇಕು. ಅದರ ಮೇಲೆ ರೈಲ್ವೆ ದಿವ್ಯಾಂಗ ಗುರುತಿನ ಚೀಟಿ ಮಾಡಿಸಿದರೆ ಆನ್‌ಲೈನಲ್ಲೂ ಬುಕ್ ಆಗುತ್ತದೆ. ಮಂಡ್ಯ–ಮೈಸೂರಿನ ಜನರಲ್ ಟಿಕೆಟ್ ಹೇಗೂ ಅಗ್ಗ, ಉಳಿಯುವುದು ಪುಡಿಗಾಸು. ಆದರೂ ಈಗಲೇ ಮಾಡಿಸಿಡಿ, ದೂರದೂರಿಗೆ ಹೊರಟ ದಿನ ಓಡಾಡಿದರೆ ಸಿಗುವುದಿಲ್ಲ.

ಗುತ್ತಲುರಸ್ತೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕುರ್ಚಿ ನೋಡಿದೆ, ಕೈಯಾಸರೆ ಬೆಸುಗೆಯದ್ದೇ. ಒಟ್ಟು ಅಗಲ 25 ಇಂಚು. ಬಸ್ಸಿನ ಬಗ್ಗೆ ಯಾರಾದ್ರೂ ಹೇಳ್ತೀರಾ? ಕಾರು ಹಂಚಿಕೊಂಡು ಹೋಗೋದಾದ್ರೆ ಏನು ನೋಡಬೇಕು?

ಕೆಂಪುಬಸ್ಸು

ಬಸ್ಸು ನಿಮ್ಮ ತಮ್ಮನಿಗಲ್ಲ ಕಣಕ್ಕ. ಮಂಡ್ಯ–ಮೈಸೂರು ಓಡೋ ಕೆಂಪು ಬಸ್ಸಿಗೆ ಮೂರು ಮೆಟ್ಲು, ಬಾಗ್ಲು ಕಿರಿದು, ನಡುವೆ ಕಂಬಿ ಬೇರೆ. 25 ಇಂಚಿನ ಕುರ್ಚಿ ಬಾಗ್ಲಲ್ಲೇ ನಿಂತೋಗುತ್ತೆ. ಹೊತ್ಕೊಂಡೇ ಹತ್ತಿಸ್ಬೇಕು, ಸೀಟಿನ ಸಂದೀಲಿ ಹೊತ್ತೋರು ತಿರುಗೋಕೂ ಜಾಗ ಇಲ್ಲ.

ಮೈಸೂರು ಸಿಟಿ ಒಳಗೆ ಲೋ-ಫ್ಲೋರ್ ಬಸ್ಸು ಸಿಕ್ಕಿದ್ರೆ ಮಾತು ಬೇರೆ, ಆದ್ರೆ ಬರೋ ಬಸ್ಸೆಲ್ಲ ಲೋ-ಫ್ಲೋರ್ ಅಲ್ಲ. ಲೋ-ಫ್ಲೋರ್ ನೆಲ 40 ಸೆಂ.ಮೀ., ಸೆಮಿ-ಲೋ 65, ಮಾಮೂಲಿ ನಗರ ಬಸ್ಸು 90. ಲೋ-ಫ್ಲೋರ್ ಆದ್ರೂ ಮಡಚೋ ರ‍್ಯಾಂಪ್ ಒಂದು ಮೀಟ್ರು ಅಂತ ಇಟ್ಕೊಳಿ. ಬಸ್ಸು ಫುಟ್‌ಪಾತಿಗೆ ತಾಗಿ ನಿಂತ್ರೆ ಏರಬೇಕಾದ್ದು 25 ಸೆಂ.ಮೀ., ನಾಲ್ಕಕ್ಕೊಂದು ಏರು, ಒಬ್ಬರು ತಳ್ಳಿದ್ರೂ ಹೋಗುತ್ತೆ. ರಸ್ತೆ ನಡುವೆ ನಿಂತ್ರೆ ಪೂರಾ 40, ಎರಡೂವರೆಗೊಂದು, ಕುರ್ಚಿ ಹಿಂದಕ್ಕೆ ಮಗುಚುತ್ತೆ. ಅದಕ್ಕೇ ಡ್ರೈವರ್‌ಗೆ ಕೈ ತೋರ್ಸಿ ಅಂಚಿಗೆ ತರ್ಸೋದು ರ‍್ಯಾಂಪಿಗಿಂತ ಮುಖ್ಯ. ರ‍್ಯಾಂಪಿನ ಕೊಂಡಿ ದೂಳು ತುಂಬಿ ಕಚ್ಕೊಂಡಿದ್ರೆ ಅಲ್ಲಿಗೆ ಮುಗೀತು, ಮುಂದಿನ ಬಸ್ಸು.

ಊರುಗೋಲು ಹಿಡಿಯೋರು, ಕಾಲಿಗೆ ಆಸರೆಪಟ್ಟಿ (ಕ್ಯಾಲಿಪರ್) ಹಾಕೋರು ಇದನ್ನ ಓದ್ತಿದ್ರೆ: ಹತ್ತುವಾಗ ಗಟ್ಟಿ ಕಾಲು ಮೊದ್ಲು, ಆಮೇಲೆ ಕೋಲು. ಇಳಿಯುವಾಗ ಕೋಲು ಮತ್ತೆ ಸೋತ ಕಾಲು ಮೊದ್ಲು. ಕೋಲಿನ ತುದಿ ರಬ್ಬರ್ ಬುಷ್ ಗೆರೆ ಸವೆದಿದ್ರೆ ಒದ್ದೆ ಮೆಟ್ಲಲ್ಲಿ ಜಾರುತ್ತೆ. ಚಿಲ್ಲರೆ ದುಡ್ಡಿನ ಸಾಮಾನು, ಬದಲಾಯಿಸಿ.

ಅಂಗವಿಕಲರ ಬಸ್ ಪಾಸು ಅಂದ್ರೆ ವರ್ಷಕ್ಕೆ 660 ರೂಪಾಯಿ, ಮನೆ ಇರೋ ಜಾಗದಿಂದ 100 ಕಿ.ಮೀ. ವ್ಯಾಪ್ತಿ. ಸೇವಾಸಿಂಧುವಿನಲ್ಲಿ ಅರ್ಜಿ, ಯುಡಿಐಡಿ ಕಾರ್ಡು (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ), ಆಧಾರ್, ಫೋಟೋ ಬೇಕು. ಮಂಡ್ಯದೋರಿಗೆ ಇದು ಲಾಭ, ಮೈಸೂರು 45, ಬೆಂಗಳೂರೂ ಹತ್ರತ್ರ 100. ಮೈಸೂರಿನೋರಿಗೆ ಬೆಂಗಳೂರು ತಲುಪೋಷ್ಟರಲ್ಲಿ ವ್ಯಾಪ್ತಿ ಮುಗಿದಿರುತ್ತೆ. ಪಾಸು ಜನವರಿ–ಡಿಸೆಂಬರ್ ಲೆಕ್ಕ, ಅಕ್ಟೋಬರಲ್ಲಿ ಮಾಡ್ಸಿದ್ರೂ ಡಿಸೆಂಬರ್‌ಗೇ ಮುಗಿಯುತ್ತೆ. ನಿಮಗಂತೂ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸಲ್ಲಿ ಟಿಕೆಟ್ಟೇ ಇಲ್ಲ. ಯುಡಿಐಡಿ ಆಗಿಲ್ಲ ಅಂದ್ರೆ ಮೊದ್ಲು ಅದು. ಕಾರ್ಡಿನ ಪಟ್ಟಿ ಹಳದಿ ಅಂದ್ರೆ ಅಂಗವೈಕಲ್ಯ ಶೇಕಡಾ 40ರಿಂದ 80ರ ಒಳಗೆ, ನೀಲಿ ಅಂದ್ರೆ 80 ಮತ್ತು ಮೇಲೆ. ಬಿಳಿ ಬಂದ್ರೆ 40ಕ್ಕಿಂತ ಕಮ್ಮಿ, ಹೆಚ್ಚಿನ ರಿಯಾಯಿತಿಗಳು ನಡಿಯಲ್ಲ.

ಕಾರು: ಬುಕ್ ಮಾಡೋ ಮುಂಚೆ ಒಂದೇ ಪ್ರಶ್ನೆ, "ಸಿಎನ್‌ಜಿನಾ?" ಹೌದು ಅಂದ್ರೆ ಡಿಕ್ಕಿ ತುಂಬ ಸಿಲಿಂಡರು, ಕುರ್ಚಿ ಹಿಂದಿನ ಸೀಟಲ್ಲಿ ಅಡ್ಡ ಮಲಗ್ಬೇಕು, ಮೂರನೇ ಜನಕ್ಕೆ ಜಾಗ ಇಲ್ಲ. ಹಂಚ್ಕೊಳೋ ಲೆಕ್ಕ ಅಲ್ಲಿಗೆ ಕೆಟ್ಟೋಯ್ತು. ಪೆಟ್ರೋಲ್ ಅಥ್ವಾ ಡೀಸೆಲ್ ಸೆಡಾನ್ ಆದ್ರೆ ಡಿಕ್ಕಿಗೆ ಹೋಗುತ್ತೆ. ತಮ್ಮ ಮುಂದಿನ ಸೀಟಲ್ಲಿ ಕೂರ್ಲಿ, ಸೀಟು ಪೂರ್ತಿ ಹಿಂದಕ್ಕೆ ತಳ್ಳಿ. ಕಾರಿನ ಸೀಟು ಕುರ್ಚಿ ಮಟ್ಟಕ್ಕೇ ಇರುತ್ತೆ, ಹಲಗೆ ಮೇಲೆ ಇದಕ್ಕಿಂತ ಸಲೀಸಾದ ಗಾಡಿ ಇಲ್ಲ. ಎತ್ತರದ ಎಸ್‌ಯುವಿ ಬೇಡ.

ಮೂರನೇಗಾಲಿ

ಸ್ಕೂಟರ್ ಪ್ರಶ್ನೆಗೆ. ಗೇರಿಲ್ಲದ ಸ್ಕೂಟರಲ್ಲಿ ಬ್ರೇಕು, ಆಕ್ಸಿಲರೇಟರ್, ಸ್ಟಾರ್ಟ್ ಎಲ್ಲ ಕೈಯಲ್ಲೇ ಇರುವುದರಿಂದ ಕೈಬಲ ಇರುವವರಿಗೆ ಅದು ಸರಿಹೊಂದುತ್ತದೆ. ಆದರೆ ಕೂಡಲೇ ಮಂಡ್ಯ–ಮೈಸೂರಿಗೆ ಹೊರಡಬೇಡಿ.

ಸೀಟು ನೆಲದಿಂದ ಹತ್ತಿರ ಹತ್ತಿರ 30 ಇಂಚು. ಕುರ್ಚಿಯಿಂದ 10 ಇಂಚು ಮೇಲಕ್ಕೆ. ಮನೆಯಲ್ಲಿ 10 ಇಂಚು ಎತ್ತರದ ಸಿಮೆಂಟ್ ಕಟ್ಟೆ, ಅದಕ್ಕೆ 10 ಅಡಿ ಉದ್ದದ ಇಳಿಜಾರು ಕಟ್ಟಿಸಿದರೆ ಹಲಗೆ ಮಟ್ಟಸಕ್ಕೆ ಬರುತ್ತದೆ. ಸರಸ್ವತಿಪುರಂನಲ್ಲಿ ಅಂಥ ಕಟ್ಟೆ ಎಲ್ಲಿ? ಹೋಗುವಾಗ ಇಳಿದುಬಿಡಬಹುದು, ವಾಪಸ್ ಹತ್ತುವುದು ಹೇಗೆ? ಮೊದಲು ಆ ತುದಿಯ ಉತ್ತರ ಹುಡುಕಿ.

ಪಕ್ಕದ ಚಕ್ರದ ಕಿಟ್ ಹಾಕಿಸಿದಾಗ ಕೆಡುವುದು ಮೂರು ಕಡೆ. ವೇಗದಲ್ಲಿ ತಿರುವು ತೆಗೆದುಕೊಂಡರೆ ಒಳಗಡೆಯ ಚಕ್ರ ಎದ್ದು ಗಾಡಿ ಹೊರಕ್ಕೆ ಮಗುಚುತ್ತದೆ. ಬೈಕಿನ ಹಾಗೆ ವಾಲಿಸುವಂತಿಲ್ಲ, ವೇಗ ಇಳಿಸಿಯೇ ತಿರುಗಿಸಬೇಕು. ರಸ್ತೆ ಅಂಚಿಗೆ ಇಳಿಜಾರಿದ್ದರೆ ಹ್ಯಾಂಡಲ್ ಸದಾ ಎಡಕ್ಕೆ ಎಳೆಯುತ್ತದೆ, ಒಂದು ಕಡೆಯ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಎಳೆತ ಇನ್ನೂ ಜೋರು. ಕಿಟ್ ಹಿಡಿದಿರುವ ಯು-ಬೋಲ್ಟ್‌ಗಳು ಅದುರಿ ಸಡಿಲವಾಗುತ್ತವೆ. ಮೊದಲ 100 ಕಿ.ಮೀ. ಆದಮೇಲೆ ಒಮ್ಮೆ, ನಂತರ ತಿಂಗಳಿಗೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ನಟ್ಟಿನ ಮೇಲೂ ಚೌಕಟ್ಟಿನ ಮೇಲೂ ಸೇರಿದಂತೆ ಬಣ್ಣದ ಒಂದು ಗೆರೆ ಎಳೆದಿಡಿ. ಗೆರೆ ತಪ್ಪಿದ್ದರೆ ನಟ್ಟು ತಿರುಗಿದೆ ಎಂದು ಕಣ್ಣಿಗೇ ಕಾಣುತ್ತದೆ. ಪಾದಗಳನ್ನು ಅಗಲ ವೆಲ್ಕ್ರೋ ಪಟ್ಟಿಯಿಂದ ಫುಟ್‌ಬೋರ್ಡಿಗೆ ಕಟ್ಟಿ. ಸೆಳೆತ ಬಂದು ಕಾಲು ಹೊರಗೆ ಜಾರಿ ನೆಲಕ್ಕೆ ಉಜ್ಜುತ್ತಿದ್ದರೂ ಅವರಿಗೆ ತಿಳಿಯುವುದಿಲ್ಲ.

ಕಾಗದಪತ್ರದಲ್ಲಿ ಹೆಚ್ಚಿನವರು ಎಡವುವುದು ಆರ್‌ಸಿಯಲ್ಲಿ. ಕಿಟ್ ಹಾಕಿಸಿ ಸುಮ್ಮನಾಗುತ್ತಾರೆ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಮಾರ್ಪಾಡು, ಆರ್‌ಟಿಒದಲ್ಲಿ ಆರ್‌ಸಿಗೆ ನಮೂದಾಗಲೇಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯವರು ಕೈ ಎತ್ತಲು ಅದೊಂದೇ ಸಾಕು. ನಮೂದಾಗಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 50% ರಿಯಾಯಿತಿ ಕೇಳಬಹುದು, ಏಜೆಂಟರು ತಾವಾಗಿ ಹೇಳುವುದಿಲ್ಲ. ಲೈಸೆನ್ಸೂ ಅಡಾಪ್ಟೆಡ್ ವಾಹನದ್ದೇ ಆಗಬೇಕು, ಪರೀಕ್ಷೆಗೆ ಅದೇ ಗಾಡಿ ತೆಗೆದುಕೊಂಡು ಹೋಗಬೇಕು. ವಿಕಲಚೇತನರ ಕಲ್ಯಾಣ ಇಲಾಖೆಯಿಂದ ಯಂತ್ರಚಾಲಿತ ದ್ವಿಚಕ್ರ ವಾಹನಕ್ಕೆ ಅರ್ಜಿ ಕರೆಯುತ್ತಾರೆ, ಮಂಡ್ಯದ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಇನ್ನು ದಾರಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನ ಬಿಡುವುದಿಲ್ಲ. ಪಕ್ಕದ ಚಕ್ರ ಇದ್ದರೂ ಇದು ಸ್ಕೂಟರೇ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಅಲ್ಲಿನ ಹಂಪು, ಎದುರಿಂದ ಬರುವ ಟ್ರ್ಯಾಕ್ಟರು, ಕಬ್ಬಿನ ಗಾಡಿ ಎಲ್ಲ ನಿಮ್ಮ ಪಾಲಿಗೆ. ಒಂದೂವರೆ ಗಂಟೆ ಅದುರುತ್ತಾ ಕೂರುವುದು ಸ್ಪರ್ಶವಿಲ್ಲದ ಚರ್ಮಕ್ಕೆ ಒಳ್ಳೆಯದಲ್ಲ. ಮಂಡ್ಯದೊಳಗಿನ ಓಡಾಟಕ್ಕಾದರೆ ಸ್ಕೂಟರ್ ಬಲು ಚೆನ್ನ. ಊರೊಳಗಷ್ಟೇ ಸಾಕು ಅಂದರೆ ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೋಬೋಲ್ಟ್ ಇದೆ. ಕುರ್ಚಿಯ ಮುಂದಕ್ಕೆ ಸಿಕ್ಕಿಸುವ ಬ್ಯಾಟರಿ ಗಾಲಿ, ಗಂಟೆಗೆ 25 ಕಿ.ಮೀ. ತನಕ ವೇಗ, ಒಂದು ಚಾರ್ಜಿಗೆ 30 ಕಿ.ಮೀ. ಅಷ್ಟು. ಹತ್ತಿಳಿಯುವ ಪ್ರಶ್ನೆಯೇ ಇಲ್ಲ. ಆದರೆ ಅದಕ್ಕೆ ಅವರದೇ ಕುರ್ಚಿ ಬೇಕು.

ಬಿಳಿಕೋಲು

ಈ ಚರ್ಚೆ ವೀಲ್‌ಚೇರಿನದು, ಆದರೂ ಮೈಸೂರಲ್ಲಿ ಕಣ್ಣು ಕಾಣದವರು ನಡೆಯುವ ಬಗ್ಗೆ ಒಂದು ಮಾತು. ಬಿಳಿಕೋಲಿನ ತರಬೇತಿಯಲ್ಲಿ ಹೇಳಿಕೊಡುವುದು, ಪಕ್ಕದಲ್ಲಿ ಸಮಾನಾಂತರವಾಗಿ ಹೋಗುವ ವಾಹನಗಳ ಸದ್ದು ಶುರುವಾದಾಗ ದಾಟಿ ಎಂದು. ಸಿಗ್ನಲ್ ಇರುವ ಚೌಕದಲ್ಲಿ ಅದು ಸರಿ. ಮೈಸೂರು ವೃತ್ತಗಳ ಊರು. ಕೆ.ಆರ್. ವೃತ್ತ, ಚಾಮರಾಜ ವೃತ್ತದಂಥ ಕಡೆ ಸದ್ದು ಸುತ್ತುತ್ತಲೇ ಇರುತ್ತದೆ, ಯಾವ ಸದ್ದು ನಿಮ್ಮ ಕಡೆ ಹೊರಳುತ್ತದೆ ಎಂದು ಕಿವಿಗೆ ಸಿಗುವುದಿಲ್ಲ. ವೃತ್ತದ ಬಾಯಲ್ಲಿ ದಾಟಬೇಡಿ. ರಸ್ತೆಗುಂಟ ಮೂವತ್ತು ನಲವತ್ತು ಹೆಜ್ಜೆ ಹಿಂದೆ ಬಂದು ವಿಭಜಕ ಇರುವಲ್ಲಿ ಎರಡು ಕಂತಿನಲ್ಲಿ ದಾಟಿ. ಆಗ ಒಂದು ಸಲಕ್ಕೆ ಒಂದೇ ದಿಕ್ಕಿನ ಸದ್ದು ಕೇಳಿದರೆ ಸಾಕು. ಎಲೆಕ್ಟ್ರಿಕ್ ಸ್ಕೂಟರ್ ಸದ್ದಿಲ್ಲದೆ ಬರುತ್ತದೆ, ಆದ್ದರಿಂದ ನಿಶ್ಶಬ್ದವನ್ನು ಖಾಲಿ ರಸ್ತೆ ಎಂದುಕೊಳ್ಳಬೇಡಿ.

ಹಳದಿ ಟೈಲ್ಸಿನಲ್ಲಿ ಉದ್ದ ಗೆರೆ ಅಂದರೆ ನಡೆ, ಚುಕ್ಕೆ ಅಂದರೆ ನಿಲ್ಲು. ಬಣ್ಣ ನೋಡಿ ಹಾಸಿದವರು ಅಡ್ಡಾದಿಡ್ಡಿ ಕೂರಿಸಿ ಗೆರೆಯನ್ನು ನೇರ ವಿದ್ಯುತ್ ಪೆಟ್ಟಿಗೆಗೆ ಮುಟ್ಟಿಸಿರುವುದೂ ಉಂಟು. ಕೋಲು ಬೀಸುವುದನ್ನು ಟೈಲ್ಸ್ ನಂಬಿ ನಿಲ್ಲಿಸಬೇಡಿ.

ಗುತ್ತಲುರಸ್ತೆ

ಹಾಗಾದ್ರೆ ಸದ್ಯಕ್ಕೆ ಹೀಗೆ ಅಂದ್ಕೊಂಡಿದ್ದೀವಿ. ಕೈಯಾಸರೆ ಕಳಚುವ ಕುರ್ಚಿ, 36 ಇಂಚಿನ ಹಲಗೆ. ಹೋಗುವಾಗ ಇನ್ನಿಬ್ಬರ ಜೊತೆ ಹಂಚಿಕೊಂಡು ಪೆಟ್ರೋಲ್ ಕಾರು. ವಾಪಸ್ ಬರುವಾಗ ಮೈಸೂರಲ್ಲಿ ನಿಧಾನಕ್ಕೆ ರೈಲು ಹತ್ತಿ, ಮಂಡ್ಯದಲ್ಲಿ ಇಳಿಸೋಕೆ ಇಬ್ಬರು ಹಮಾಲಿಗಳಿಗೆ ಹೇಳಿಡೋದು. ಸರಸ್ವತಿಪುರಂನಲ್ಲಿ ಕಾರಿಂದ ಇಳಿದ ಮೇಲೆ 200 ಮೀಟರ್ ಕುರ್ಚಿ ತಳ್ಳಬೇಕು. ಅಲ್ಲೇನು ನೋಡಬೇಕು?

ಅಳತೆಟೇಪು

ಸರಿಯಾಗಿದೆ. ಒಂದೇ ತಿದ್ದುಪಡಿ: 36 ಇಂಚಿನ ಹಲಗೆ ಆಟೋದಲ್ಲಿ ಉದ್ದ ಜಾಸ್ತಿ, ಆಚೆ ತುದಿ ಮೇಲೇಳುತ್ತೆ. ಎರಡು ಮಾಡಿಸಿ, ಪ್ಲೈವುಡ್ ಒಂದೇ ಹಾಳೆಯಲ್ಲಿ ಬರುತ್ತೆ. ಮಂಡ್ಯದಲ್ಲಿ ಇಳಿಯುವಾಗ ಒಂದು ನಿಲ್ದಾಣ ಮುಂಚೆಯೇ ಕುರ್ಚಿ ಬಾಗಿಲ ಹತ್ತಿರ ಬಂದಿರಲಿ, ಬ್ರೇಕ್ ಹಾಕಿ, ಬೆನ್ನು ಬಾಗಿಲಿಗೆ. ಹಿಂದಿನ ದೊಡ್ಡ ಚಕ್ರ ಮೊದಲು ಇಳಿಯಬೇಕು.

ಆ 200 ಮೀಟರಲ್ಲಿ ಮೊದಲು ನೋಡಬೇಕಾದ್ದು ಚರಂಡಿ ಜಾಲರಿ. ಮುಂಗಾಲಿ ಒಂದಿಂಚು ಚಿಲ್ಲರೆ ಅಗಲ, ಜಾಲರಿ ಸರಳುಗಳ ಸಂದೂ ಅಷ್ಟೇ. ನೇರ ಹೋದ್ರೆ ಗಾಲಿ ಸಿಕ್ಕಿ ಕುರ್ಚಿ ಅಲ್ಲೇ ನಿಲ್ಲುತ್ತೆ, ಮನುಷ್ಯ ಮುಂದಕ್ಕೆ ಹಾರ್ತಾನೆ. ಕುರ್ಚಿ ತಿರುಗಿಸಿ, ಹಿಂದಿನ ಚಕ್ರ ಮುಂದಾಗಿ ಎಳ್ಕೊಂಡು ದಾಟಿ. ಫುಟ್‌ಪಾತ್ ಇಳಿಸೋದೂ ಹಾಗೇ ಹಿಂದುಹಿಂದಾಗಿ. ಹತ್ತಿಸೋದಾದ್ರೆ ಹಿಂದಿರೋ ಕೊಳವೆಯನ್ನ ಕಾಲಲ್ಲಿ ಒತ್ತಿ ಮುಂಗಾಲಿ ಎತ್ತಿ ಮೇಲಿಡಿ, ದೊಡ್ಡ ಚಕ್ರ ಅಂಚಿಗೆ ತಾಗೋ ತನಕ ತಳ್ಳಿ, ಆಮೇಲೆ ಉರುಳಿಸಿ. ಎತ್ತೋದಲ್ಲ, ಉರುಳಿಸೋದು. ಸೊಂಟದ ಬೆಲ್ಟು ಸದಾ ಹಾಕಿರಲಿ.

ದಸರಾ ದಿನಗಳಲ್ಲಿ ಅರಮನೆ ಸುತ್ತಮುತ್ತ ಸಂಜೆ ಏಕಮುಖ ಸಂಚಾರ ಮಾಡ್ತಾರೆ, ಮಾಮೂಲಿ ಜಾಗದಲ್ಲಿ ಗಾಡಿ ನಿಲ್ಲಿಸೋಕೆ ಬಿಡಲ್ಲ. ಆ ವಾರ 3ಕ್ಕೆ ಕ್ಲಾಸ್ ಬಿಟ್ಟ ಕೂಡಲೇ ಸರಸ್ವತಿಪುರಂ ಒಳರಸ್ತೆ ಹಿಡಿದು ನೇರ ಸ್ಟೇಷನ್ ಸೇರ್ಕೊಳಿ. ಕ್ಲಾಸಿನ ಬಾಗಿಲ ಅಳತೆ ಸಿಕ್ಕಿದ್ರೆ ಇಲ್ಲಿ ಹಾಕಿ, 27 ಇಂಚಿಗಿಂತ ಕಮ್ಮಿ ಇದ್ರೆ ಕುರ್ಚಿ ತಗೊಳ್ಳೋವಾಗಲೇ 16 ಇಂಚಿನ ಸೀಟು ನೋಡಬೇಕಾಗುತ್ತೆ.